ಹಾರಿಸಿದ ಪುಟ, ತಪ್ಪಿದ ಕೊಂಡಿ

ನೋಡಿದವರಿಗೆ ಅದು ಪಡಸಾಲೆಯ ಒಂದು ತುಂಡು ನೆಲ, ಅದರ ಮೇಲೊಂದು ಮಾಸಿದ ಗೋಣಿತಟ್ಟು. ಸುನಂದಾಳಿಗೆ ಮಾತ್ರ ಅದು ಸಿಂಹಾಸನ.

ಇಳಕಲ್ಲ ಸೀರೆಯ ಒಡಲು ಬೇರೆ, ಸೆರಗು ಬೇರೆ. ಒಡಲಿನ ಹಾಸು ಮುಗಿಯುವಲ್ಲಿ ಸೆರಗಿನ ರೇಷ್ಮೆ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಟೋಪ ತೆನಿ ಎಂದು ಅದರ ಹೆಸರು. ಆ ಮನೆಯಲ್ಲಿ ಇಬ್ಬರು ಹೆಂಗಸರು ಎದುರುಬದುರು ಕುಳಿತು, ಒಬ್ಬಳು ಗೋಡೆಯ ಕಡೆಯಿಂದ, ಇನ್ನೊಬ್ಬಳು ಬಾಗಿಲ ಕಡೆಯಿಂದ ಹೊರಟು, ಸಾವಿರಾರು ಎಳೆ ದಾಟಿ ನಡುವೆ ಭೇಟಿಯಾಗುತ್ತಿದ್ದರು. ಗೋಡೆಯ ಕಡೆ ಅತ್ತೆ ಗುರುಲಿಂಗವ್ವ. ಬಾಗಿಲ ಕಡೆಯ ಗೋಣಿತಟ್ಟು ಇಪ್ಪತ್ತು ವರ್ಷ ಪಕ್ಕದ ಮನೆಯ ಸುಂದರವ್ವನದು. ಮಗಳ ಬಾಣಂತನಕ್ಕೆಂದು ಬದಾಮಿಗೆ ಹೋದ ಸುಂದರವ್ವ ಮೊಮ್ಮಗನ ಬೊಚ್ಚು ನಗೆಗೆ ಸೋತು ಅಲ್ಲೇ ಉಳಿದುಬಿಟ್ಟಳು. ಜಾಗ ಖಾಲಿಯಾಯಿತು.

ಮದುವೆಯಾಗಿ ನಾಲ್ಕು ತಿಂಗಳಾದ ಸೊಸೆ ಸುನಂದಾ ಧೈರ್ಯ ಮಾಡಿ ಕೇಳಿದಳು: "ಅತ್ತಿ, ನಾ ಕುಂದರ್ಲಿರಿ?"

ಗುರುಲಿಂಗವ್ವ ಸೊಸೆಯ ಬೆರಳುಗಳನ್ನು ಸಂತೆಯ ಬೆಂಡೆಕಾಯಿಯಂತೆ ತಿರುವಿ ತಿರುವಿ ನೋಡಿ, "ಒಂದ ಸೀರಿ ನೋಡೂಣು" ಎಂದಳು.

ಮಾವ ದೇವಪ್ಪ ಸದಾ ಮಗ್ಗದಲ್ಲೇ ಮಗ್ನ. ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತಲ್ಲಿಂದಲೇ ಅವನು ಷರಾ ಬರೆದ: "ತಪ್ಪಿದ್ರ ಹಿಂದಿನ ಓಣಿ ರಮಾಬಾಯಿನ್ನ ಕರಸ್ತೇನಿ ನೋಡ. ಸೋಮಾರ ಗುಡೂರ ಮಂದಿಗೆ ಕುಬಸಕ್ಕ ಸೀರಿ ಬೇಕು. ಬಸರಿ ಹೆಣಮಗಳು ನಮ್ಮ ಸಲುವಾಗಿ ಕಾಯೂದಿಲ್ಲ."

ಬಾಗಲಕೋಟೆಯ ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಬಸ್‌ಸ್ಟ್ಯಾಂಡಿನ ಅನೌನ್ಸರ್‌ವರೆಗೆ ಎಲ್ಲರ ದನಿ ತೆಗೆದು ಮಂದಿಯನ್ನು ನಗಿಸಿದವಳು ಸುನಂದಾ. ಈ ಮನೆಗೆ ಬಂದ ಮೇಲೆ ಅವಳ ಬಾಯಿಂದ ಬಂದದ್ದು "ಹೂಂರಿ" ಮತ್ತು "ಇಲ್ರಿ" ಎರಡೇ. ಅತ್ತೆ ಕೆಟ್ಟವಳಲ್ಲ. ಆದರೆ ಅವಳ ಮಾತೆಲ್ಲ ಆ ಗೋಣಿತಟ್ಟಿನ ಕಡೆಗೇ ಹರಿಯುತ್ತಿತ್ತು. ಅಲ್ಲಿ ಕುಳಿತವಳಿಗೆ ಮಾತು, ಉಳಿದವರಿಗೆ ಊಟ. ಸುನಂದಾಳಿಗೆ ಊಟ ಸಾಕಾಗಿತ್ತು, ಮಾತು ಬೇಕಾಗಿತ್ತು.

ಅಲ್ಲಿಯವರೆಗೆ ಅವಳ ಜೊತೆಗಿದ್ದದ್ದು ಗೆಳತಿ ಆಫ್ರೀನ ಕೊಟ್ಟ ಕಾದಂಬರಿ. ಮುಖಪುಟದಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಮರೆತ ಗಂಡಸೊಬ್ಬನಿದ್ದದ್ದರಿಂದ ಅದಕ್ಕೆ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿ, ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದಳು. ನಾಯಕ ಅಗ್ನಿವೇಶ ನಾಯಕಿ ಮೃದುಲಾಳನ್ನು ಹೊತ್ತೊಯ್ದು ಬಂಗಲೆಯಲ್ಲಿ ಕೂಡಿಹಾಕಿದ ದಿನ ಒಲೆಯ ಮೇಲಿನ ಬ್ಯಾಳಿ ತಳ ಹತ್ತಿತು. ಅವನು ಹುಬ್ಬು ಗಂಟಿಕ್ಕಿದರೆ ಇವಳು ಸೆರಗು ಕಚ್ಚುತ್ತಿದ್ದಳು. ಗಂಡ ವಿಜಯಮಹಾಂತೇಶ ಗ್ರಾನೈಟ್ ಫ್ಯಾಕ್ಟರಿಯ ಆಫೀಸಿನಲ್ಲಿದ್ದ. ಅವನಲ್ಲೂ ಇಂಥದೊಂದು ಕತ್ತಲೆ ಇದ್ದೀತೇ ಎಂದು ಅವಳು ಬಹಳ ಹುಡುಕಿದಳು. ಹೆಂಡತಿಯ ಕೈ ಹಿಡಿಯುವ ಮೊದಲು ತನ್ನ ಕೈಯ ಕೆಂಪು ಧೂಳು ತೊಳೆದು ಬರುವ ಆ ಪ್ರಾಣಿಯಲ್ಲಿ ಕಪ್ಪಗಿದ್ದದ್ದು ಹೆಲ್ಮೆಟ್ಟು ಒಂದೇ.

ಕೊಂಡಿ ಹಾಕಲು ಕುಳಿತ ಮೊದಲ ತಾಸಿನಲ್ಲೇ ಅತ್ತೆ ಮೂರು ಸಲ ಆಕಳಿಸಿದಳು.

"ಸುಂದರವ್ವ ಇದ್ರ ಓಣಿ ಸುದ್ದಿ ಹೇಳತಿದ್ಲು. ಕಣ್ಣ ಮುಚ್ಚತಿದ್ದಿಲ್ಲ."

ಸುನಂದಾಳಿಗೆ ಓಣಿಯ ಸುದ್ದಿ ಗೊತ್ತಿರಲಿಲ್ಲ, ಬಂಗಲೆಯ ಸುದ್ದಿ ಗೊತ್ತಿತ್ತು. "ಅತ್ತಿ, ಒಂದ ಕತಿ ಹೇಳ್ಲಿರಿ? ಡಾರ್ಕ್ ರೊಮ್ಯಾನ್ಸ್ ಅಂತಾರ್ರಿ ಇದಕ್ಕ."

"ಹಂಗಂದ್ರ?"

"ಕತ್ತಲಿ ಪ್ರೀತಿರಿ."

"ಕರೆಂಟ್ ಹ್ವಾದಾಗ ಮಾಡೂದೇನ?"

ಸುನಂದಾಳ ನಗು ತಡೆಯದಾಯಿತು. ನಾಲ್ಕು ತಿಂಗಳಲ್ಲಿ ಆ ಪಡಸಾಲೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು. ಆಮೇಲೆ ಕತೆ ಹರಿಯಿತು. ಅಗ್ನಿವೇಶನಿಗೆ ಕಾಳು ತುಂಬುವ ಹಗೇವಿನ ತಳದಿಂದ ಬಂದಂಥ ದನಿ ಕೊಟ್ಟಳು, ಮೃದುಲಾಳಿಗೆ ಕರುವಿನ ದನಿ, ಬೀಗದ ಕೈ ಕಾಯುವ ಕೆಲಸದ ಮುದುಕಿಗೆ ಎಣ್ಣೆ ಕಾಣದ ರಾಟೆಯ ದನಿ.

"ತನ್ನ ಹಳೇ ಮನಿಗೆ ತಾನ ಬೆಂಕಿ ಹಚ್ಚಿದಾಂವ ಅಂತಾರ್ರಿ ಅವಗ. ಅಂವಾ ಯಾವಾಗಲೂ ಕತ್ತಲ್ಯಾಗ ಕುಂತಿರ್ತಾನ್ರಿ. ಕಣ್ಣು ಕೆಂಡದಂಗ ಕೆಂಪ."

"ಕಣ್ಣ ಬ್ಯಾನಿ ಬಂದಿರಬೇಕು. ದವಾಖಾನಿಗೆ ಹ್ವಾದ್ನೋ ಇಲ್ಲೋ?"

"ಅತ್ತಿ! ಅಂವಾ ಹೀರೋರಿ!"

"ಹೀರೋ ಆದ್ರೇನ, ಕಣ್ಣ ಕಣ್ಣಲ್ಲೇನ? ಅಲ್ಲ, ಆ ಹುಡಿಗಿ ಎಂಟ ದಿನ ಮನ್ಯಾಗಿಲ್ಲ, ತವರ ಮಂದಿ ಏನ ಮಾಡಾಕಹತ್ಯಾರ? ಪೋಲೀಸ್ ಕಂಪ್ಲೇಂಟ್ ಕೊಡಬಾರದ?"

"ಆಕಿಗೂ ಒಳಗೊಳಗ ಅಂವಾ ಸೇರ್ತಾನ್ರಿ."

"ಸೇರಿದ್ರ ಬಾಗಲಾ ತಗದ ಕೇಳಬೇಕು. ಕೀಲಿ ಹಾಕಿ ಕೇಳೂದೇನ? ಚಪ್ಪಲಿಲೆ ಹೊಡೀಬೇಕು ಅವಗ!" ಹೀಗೆ ಹೇಳಿದ ಉಸಿರಿನಲ್ಲೇ ಕೇಳಿದಳು: "ಮುಂದ?"

ಮುಂದಿನದು ಹದಿನೇಳನೆಯ ಅಧ್ಯಾಯ. ಸುನಂದಾ ಅದನ್ನು ಮೂರು ಸಲ ಓದಿದ್ದಳು, ಮೂರೂ ಸಲ ಕದ ಮುಚ್ಚಿ. ಈಗ ಕತೆಗೂ ಕದ ಮುಚ್ಚಿದಳು. "ಅಗ್ನಿವೇಶ ಕೋಣಿ ಚಿಲಕ ಹಾಕಿದ್ನರಿ… ಮರುದಿನ ಮುಂಜಾನೆ—"

"ನಿಲ್ಲ. ನಡುವ ಎಳಿ ಹಾರಿಸಿದಿ."

"ಇಲ್ರಿ ಅತ್ತಿ."

"ನಲವತ್ತ ವರ್ಷ ಎಳಿ ಎಣಿಸೇನಿ ನಾ. ಚಿಲಕಾ ಹಾಕಿದ್ದ ರಾತ್ರಿ, ಎದ್ದದ್ದ ಮುಂಜಾನಿ. ನಡುವಿನ ತಾಸ ಎಲ್ಲಿ ಹ್ವಾದು?"

"ಅದು… ಹೇಳೂವಂಥದ್ದಲ್ರಿ."

"ಯಾಕ, ನಿನ್ನ ಗಂಡನ್ನ ನಾ ಸಂತ್ಯಾಗ ಕೊಂಡ ತಂದೇನೇನ?"

ಸುನಂದಾಳ ಮುಖ ಸೆರಗಿನ ಕೆಂಪಿಗೆ ಪೈಪೋಟಿ ಕೊಟ್ಟಿತು. ತಲೆ ತಗ್ಗಿಸಿ, ದನಿ ತಗ್ಗಿಸಿ, ಆದಷ್ಟು ಮಡಿಯಾಗಿ ಹೇಳಿದಳು: ದೀಪ ಸಣ್ಣಗಾಯಿತು, ಮೃದುಲಾಳ ಕೈ ಅವನ ಬೆನ್ನಿನ ಮೇಲೆ ಹೋಯಿತು, ಅಲ್ಲಿ ಹಳೆಯ ಸುಟ್ಟ ಕಲೆ ಇತ್ತು…

"ಬೆನ್ನಮ್ಯಾಲ?" ಗುರುಲಿಂಗವ್ವನ ಕಣ್ಣು ಚುರುಕಾದವು. "ಹಂಗಾದ್ರ ಆ ಮನಿಗೆ ಬೆಂಕಿ ಹಚ್ಚಿದಾಂವ ಇಂವಲ್ಲ. ಹಚ್ಚಿದಾಂವಗ ಬೆನ್ನ ಯಾಕ ಸುಡತೈತಿ? ಯಾರ್ನೋ ಎದಿಗೆ ಅವಚಗೊಂಡು ಬೆಂಕ್ಯಾಗಿಂದ ಹೊರಗ ಬಂದಾನ. ನಂಗ ಆ ಕೀಲಿಕೈ ಮುದುಕಿ ಮ್ಯಾಲ ಗುಮಾನಿ."

ಆ ಪುಟವನ್ನು ಮೂರು ಸಲ ಓದಿದವಳಿಗೆ ಬೆನ್ನು ಕಂಡಿತ್ತೇ ಹೊರತು ಕಲೆ ಕಂಡಿರಲಿಲ್ಲ.

"ಮುಂದ?"

"ಮುಂದ ಮೂರನೇ ಅಂತಸ್ತಿನ್ಯಾಗ ಹತ್ತ ವರ್ಷದಿಂದ ಮುಚ್ಚಿದ ಒಂದ ಕೋಣಿ ಐತ್ರಿ. ಮೃದುಲಾ ಕೀಲಿಕೈ ಕದ್ದು, ಬರಿಗಾಲಿಲೆ ಮೆಟ್ಟಲಾ ಏರಿದ್ಲು. ಒಳಗ ಯಾರೋ ಉಸರಾಡಿಸಿದಂಗ ಕೇಳತೈತ್ರಿ. ಕೀಲಿ ತಿರುವಿದ್ಲು. ಬಾಗಲಾ…" ಸುನಂದಾ ಗಂಟಲಿನಿಂದಲೇ ಹಳೆಯ ಬಾಗಿಲಿನ ಕಿರುಗುಟ್ಟುವಿಕೆ ತೆಗೆದಳು. ಅತ್ತೆಯ ಕೈಬೆರಳು ಗಾಳಿಯಲ್ಲೇ ನಿಂತವು. ಮಗ್ಗದ ಸದ್ದೂ ನಿಂತಿತ್ತು, ಆದರೆ ಅದನ್ನು ಇಬ್ಬರೂ ಗಮನಿಸಲಿಲ್ಲ.

"ಒಳಗ ಯಾರಿದ್ರು?"

"ಅಲ್ಲೀತನಾನ ಓದೇನ್ರಿ."

"ಎಂಥಾ ಹೆಣಮಗಳ ನೀ!" ಎಂದು ಅತ್ತೆ ಮತ್ತೆ ಎಳೆ ಹಿಡಿದಳು. ಸಂಜೆಗೆ ಇಬ್ಬರ ಬೆರಳೂ ನಡುವೆ ಭೇಟಿಯಾದವು.

ಮರುದಿನ ಮುಂಜಾನೆ ದೇವಪ್ಪ ಹಾಸನ್ನು ಬಿಗಿ ಮಾಡಿ ಎಳೆದ. ಉಳಿದ ಎಳೆಗಳೆಲ್ಲ ತಂತಿಯಂತೆ ಸೆಟೆದು ನಿಂತವು. ಒಂದೆಡೆ ಮಾತ್ರ ಆರು ಎಳೆ ಜೋತು ಬಿದ್ದವು. ಆರು ಕೊಂಡಿ ತಪ್ಪಿದ್ದವು.

"ನೋಡ್ರಿ ಇಲ್ಲೆ!" ಅವನ ದನಿ ಏರಿತು. "ಕತಿ ಹೇಳಕೋತ ಕುಂತ್ರ ಇದ ಆಗೂದು. ಅರ್ಧಾ ದಿನದ ಕೆಲಸ ಕೆಡಿಸಿದ್ಲು ಹುಡುಗಿ. ನಾ ಈಗ ರಮಾಬಾಯಿನ್ನ ಕರಕೊಂಡ ಬರ್ತೇನಿ."

ಸುನಂದಾ ಬಗ್ಗಿ ನೋಡಿದಳು. ಜೋತು ಬಿದ್ದ ಎಳೆಗಳು ಗೋಡೆಯ ಕಡೆಗಿದ್ದವು. ಅವಳ ಕೈ ಅಲ್ಲಿಗೆ ಹೋಗಿಯೇ ಇರಲಿಲ್ಲ. ಹೇಳಿದರೆ ಮಾವನ ಎದುರು ಅತ್ತೆಯ ನಲವತ್ತು ವರ್ಷದ ಕೈಗೆ ಮಾತು ಬರುತ್ತದೆ, ಹೇಳದಿದ್ದರೆ ಗೋಣಿತಟ್ಟು ರಮಾಬಾಯಿಯ ಪಾಲಾಗುತ್ತದೆ. ಹಗೇವಿನ ದನಿ, ಕರುವಿನ ದನಿ, ರಾಟೆಯ ದನಿ ಎಲ್ಲ ಇದ್ದವಳಿಗೆ ಆ ಗಳಿಗೆಯಲ್ಲಿ ತನ್ನ ದನಿಯೇ ಹೊರಡಲಿಲ್ಲ. ಗೋಣಿತಟ್ಟನ್ನು ಮಡಿಚತೊಡಗಿದಳು.

ಗುರುಲಿಂಗವ್ವ ಚಸ್ಮಾ ಹಾಕಿಕೊಂಡು ಆ ಆರು ಎಳೆಗಳನ್ನು ಒಂದೊಂದಾಗಿ ಮುಟ್ಟಿದಳು. ಆಮೇಲೆ ಸೊಸೆಯ ಕೈಯಲ್ಲಿದ್ದ ತಟ್ಟನ್ನು ನೋಡಿದಳು.

"ರಮಾಬಾಯಿನ್ನ ಕರೀರಿ," ಎಂದಳು. "ಖರೆ ಆಕಿನ್ನ ನನ್ನ ಜಾಗಾಕ್ಕ ಕುಂದರಸ್ರಿ. ಗ್ವಾಡಿ ಕಡೆ ಕುಂತಾಕಿ ನಾ. ಈಕಿ ಕಡೆ ಒಂದೂ ತಪ್ಪಿಲ್ಲ."

ದೇವಪ್ಪ ಚಪ್ಪಲಿಯೊಳಗೆ ತೂರಿಸುತ್ತಿದ್ದ ಕಾಲನ್ನು ಅಲ್ಲೇ ನಿಲ್ಲಿಸಿದ. "ನಿನ್ನ ಕೈ ತಪ್ಪಿದ್ದ ನಾ ಕಂಡೇ ಇಲ್ಲಲ್ಲ!"

"ಆ ಹಾಳ ಬಾಗಲಾ ತಗದಾಗ ತಪ್ಪೇತಿ." ಆಮೇಲೆ ಸೊಸೆಯ ಕಡೆ ತಿರುಗಿದಳು. "ನಿನಗ ಗೊತ್ತಿತ್ತಲಾ? ಗ್ವಾಡಿ ಕಡೆ ಐತಿ ಅಂತ ಕಂಡಿತ್ತಲಾ?"

"ಹೂಂರಿ."

"ಮತ್ತ ಬಾಯಿಗೆ ಯಾಕ ಕೀಲಿ ಹಾಕ್ಕೊಂಡಿದ್ದಿ? ಆ ಮೃದುಲಾನ ಗಾಳಿ ಬಡದೈತೇನ ನಿನಗ?"

ಸುನಂದಾಳಿಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಒಟ್ಟಿಗೇ ಬಂದವು. ಗುರುಲಿಂಗವ್ವ ತಟ್ಟನ್ನು ಕಸಿದುಕೊಂಡು, ಒಮ್ಮೆ ಝಾಡಿಸಿ, ಮೊದಲಿದ್ದ ಜಾಗಕ್ಕಿಂತ ಒಂದು ಗೇಣು ಬಾಗಿಲ ಹತ್ತಿರ ಹಾಸಿದಳು.

"ಇಲ್ಲೆ ಬೆಳಕ ಚಲೋ ಐತಿ. ಓದಾಕ ಬೇಕಾಗತೈತಿ. ಹೋಗ, ಹಿಟ್ಟಿನ ಡಬ್ಬಿ ಹಿಂದಿನ ಪುಸ್ತಕಾ ತಾ."

"ಅತ್ತಿ, ನಿಮಗ ಹೆಂಗ ಗೊತ್ತಾತ್ರಿ?"

"ದಿನಾ ರೊಟ್ಟಿ ಬಡಿಯಾಕಿ ನಾ. ಹಿಟ್ಟ ಎಲ್ಲೈತಿ ಅಂತ ನನಗ ಗೊತ್ತಿರಂಗಿಲ್ಲೇನ? ಗುಂಡಿ ಇಲ್ಲದ ಅಂಗಿಯಾವನ್ನೂ ನೋಡೇನಿ. ನೆಗಡಿ ಆಗತೈತಿ ಅವಗ. ಕೇಳಿಲ್ಲೆ, ಮದಲ ಆರು ಕೊಂಡಿ, ಆಮ್ಯಾಲ ಆ ಬಾಗಲಾ. ಓದೂವಾಗ ಇಬ್ಬರದೂ ಕೈ ತೊಡಿಮ್ಯಾಲ. ಮತ್ತ ಒಂದೂ ಪುಟಾ ಹಾರಸಬ್ಯಾಡ."

ಆರು ಕೊಂಡಿ ಬಿದ್ದವು. ಸುನಂದಾ ಕ್ಯಾಲೆಂಡರ್ ರಟ್ಟಿನ ಪುಸ್ತಕ ಬಿಚ್ಚಿ, ಮಡಿಚಿಟ್ಟ ಪುಟ ತೆರೆದು, ಗಂಟಲು ಸರಿಮಾಡಿಕೊಂಡಳು.

ಕುಣಿಯೊಳಗಿಂದ ದೇವಪ್ಪ ಕೆಮ್ಮಿದ.

"ಏನ್ರಿ?" ಎಂದಳು ಗುರುಲಿಂಗವ್ವ.

"ಏನಿಲ್ಲ." ಅವನು ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡ. "ಅದ ನಿನ್ನಿ ಬಾಗಲಾ ಕಿರ್ ಅಂದಿತ್ತಲ್ಲ, ಅಲ್ಲಿಂದ ಸುರು ಮಾಡವಾ ತಂಗಿ. ಸ್ವಲ್ಪ ಜೋರಾಗಿ ಓದು."