ಗಾಡಿ ಸರಿಯಿದೆ

ಸತ್ತವನು ವಿಷಲ್ ಊದಲಿ ಅಂತ ಯಾರಾದರೂ ಬಸ್ಸು ನಿಲ್ಲಿಸಿಕೊಂಡು ಕಾಯುತ್ತಾರೆಯೇ? ಡ್ರೈವರಣ್ಣ ಕಾಯುತ್ತಿದ್ದ. ಹದಿನೆಂಟು ವರ್ಷ ಅವನ ಜೊತೆಗಿದ್ದ ಕಂಡಕ್ಟರು, ಎಲ್ಲರ ಬಾಯಲ್ಲೂ ದಪ್ಪಣ್ಣ, ಹೊರಡು ಅನ್ನುವುದಕ್ಕೆ ಎರಡು ಸಲ ಊದಿ, ಕೊಸರು ಅನ್ನುವ ಹಾಗೆ ಮೂರನೆಯದೊಂದು ಪುಟ್ಟದಾಗಿ ಊದುತ್ತಿದ್ದ. ನಾಲ್ಕು ತಿಂಗಳ ಹಿಂದೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಈಗ ಬಂದಿರುವ ಕಂಡಕ್ಟರಮ್ಮ ನಿಯಮದಂತೆ ಎರಡೇ ಊದುತ್ತಾಳೆ. ಬಸ್ಸು ಅಲ್ಲಾಡುವುದಿಲ್ಲ. "ಏನಣ್ಣಾ, ಇಳಿದು ತಳ್ಳಬೇಕಾ?" ಅಂತ ಹಿಂದಿನಿಂದ ಯಾರೋ ಕೂಗಿದರೆ ಜನ ನಗುತ್ತಾರೆ. ಅವನೂ ಬೆಚ್ಚಿಬಿದ್ದು ಗೇರು ಹಾಕುತ್ತಾನೆ.

ಮನೆಯಲ್ಲಿ ಹೆಂಡತಿ ಊಟಕ್ಕೆ ಕರೆದರೆ ಹಸಿವಿಲ್ಲ. ಮಗಳು ಏನು ಕೇಳಿದರೂ ಸಿಡುಕು. ಅಳುವಾದರೂ ಬಂದಿದ್ದರೆ ಹಗುರಾಗುತ್ತಿದ್ದನೇನೋ, ಹಾಳಾದ್ದು ಅದೂ ಬರಲಿಲ್ಲ. ಬೆಳಿಗ್ಗೆ ಎದ್ದು ಬೂಟಿನ ಲೇಸು ಕಟ್ಟುವುದೇ ಬೆಟ್ಟ ಹತ್ತಿದಷ್ಟು ಸುಸ್ತು. "ವಯಸ್ಸಾಯ್ತು ಕಣೇ" ಅಂತ ಜಾರಿಕೊಳ್ಳುತ್ತಿದ್ದ. ಮನಸ್ಸು ಸರಿಯಿಲ್ಲ ಅಂತ ಡಿಪೋದಲ್ಲಿ ಬಾಯಿಬಿಟ್ಟರೆ ಸ್ಟೇರಿಂಗ್ ಕಿತ್ತುಕೊಳ್ಳುತ್ತಾರೆ. ಸ್ಟೇರಿಂಗ್ ಹೋದಮೇಲೆ ಡ್ರೈವರಣ್ಣ ಯಾರು? ಆ ಭಯಕ್ಕೇ ಹಲ್ಲು ಕಚ್ಚಿಕೊಂಡಿದ್ದ, ಪಾಪ.

ಆ ಮಂಗಳವಾರ ಮಧ್ಯಾಹ್ನ ನಲವತ್ತು ಜನರನ್ನು ಹೊತ್ತು ಬಸ್ಸು ಹಳೆ ಸೇತುವೆ ಹತ್ತಿತು. ಸ್ಟೇರಿಂಗ್ ಒಂಚೂರು ಎಡಕ್ಕೆ ತಿರುಗಿಸಿದರೆ ಎಲ್ಲ ಮುಗಿಯುತ್ತೆ ಅನ್ನಿಸಿತು ಅವನಿಗೆ. ಬಾಯಾರಿಕೆ ಆದ ಹಾಗೆ, ಸುಮ್ಮನೆ ಅನ್ನಿಸಿತು. ಹಿಂದೆ ಜನ ಕೂತಿದ್ದಾರೆ ಅನ್ನುವುದು ಒಂದು ಕ್ಷಣ ತಡವಾಗಿ ನೆನಪಾಯಿತು. ಆ ತಡವೇ ಅವನನ್ನು ಹೆದರಿಸಿತು.

ಅಲ್ಲೇ ಬ್ರೇಕ್ ಒತ್ತಿ, ಕೀ ತೆಗೆದು ಕಂಡಕ್ಟರಮ್ಮನ ಕೈಗಿಟ್ಟ. "ಇಟ್ಕೊಳಮ್ಮ. ನಾನೇ ಕೇಳಿದ್ರೂ ಕೊಡಬೇಡ."

"ಯಾಕಣ್ಣಾ, ಏನಾಯ್ತು? ಜ್ವರಾನಾ?"

"ಜ್ವರ ಆಗಿದ್ರೆ ಎಷ್ಟು ಚೆನ್ನಾಗಿತ್ತು."

ಅವಳು ಗೊಣಗುತ್ತಿದ್ದವರ ಮೇಲೆ "ಸ್ವಲ್ಪ ಸುಮ್ಮನಿರ್ರಪ್ಪಾ!" ಅಂತ ರೇಗಿ, ಎಲ್ಲರನ್ನೂ ಹಿಂದೆ ಬಂದ ಬಸ್ಸಿಗೆ ಹತ್ತಿಸಿ, ಡಿಪೋಗೆ ಫೋನ್ ಮಾಡಿ, ಅವನ ಪಕ್ಕದಲ್ಲೇ ನಿಂತಳು. ಡಿಪೋದಿಂದ ಬೇರೆ ಡ್ರೈವರ್ ಬಂದು ಇಬ್ಬರನ್ನೂ ವಾಪಸು ಕರೆದೊಯ್ದ.

ನಡುದಾರಿಯಲ್ಲಿ ಬಸ್ಸು ನಿಂತರೆ, ಕೆಟ್ಟದ್ದೇನು ಅಂತ ಡ್ರೈವರೇ ಡಿಪೋದ ಪುಸ್ತಕದಲ್ಲಿ ಬರೆಯಬೇಕು. ಮೇಲಿನ ಸಾಲುಗಳಲ್ಲಿ ಕ್ಲಚ್ಚು, ಟೈರು, ರೇಡಿಯೇಟರು. ಅವುಗಳ ಕೆಳಗೆ ಇವನು ಬರೆದ: "ಗಾಡಿ ಸರಿಯಿದೆ. ಡ್ರೈವರ್ ಸರಿಯಿಲ್ಲ."

ಮ್ಯಾನೇಜರು ಓದಿ ಕನ್ನಡಕ ತೆಗೆದರು. ಕೆಟ್ಟವರಲ್ಲ ಅವರು. "ಏನಯ್ಯಾ ಇದು! ಹೊಡೆದುಹಾಕು. ಜ್ವರ ಅಂತ ಬರಿ, ನಾಲ್ಕು ದಿನ ರಜ ಕೊಡ್ತೀನಿ. ಇದು ಮೇಲಕ್ಕೆ ಹೋದ್ರೆ ನಿನಗೆ ಮತ್ತೆ ಬಸ್ಸು ಕೊಡ್ತಾರೋ ಇಲ್ವೋ, ನಾನಂತೂ ಹೇಳಲಾರೆ."

ಅವರು ಚಾಚಿದ ಪೆನ್ನನ್ನು ಡ್ರೈವರಣ್ಣ ತೆಗೆದುಕೊಂಡ. ಬರೆದ ಸಾಲನ್ನು ಹೊಡೆಯದೆ ಅದರ ಕೆಳಗೆ ಸಹಿ ಹಾಕಿದ.

"ನಾಲ್ಕು ದಿನ ಬಿಟ್ಟು ಮತ್ತೆ ಅದೇ ಸೇತುವೆ ಹತ್ತಬೇಕಲ್ಲ ಸಾರ್," ಅಂದ. "ಆಸ್ಪತ್ರೆಗೆ ಯಾರಾದ್ರೂ ಜೊತೆಗೆ ಬನ್ನಿ. ಒಬ್ಬನೇ ಇರೋಕೆ ನನಗೆ ಭಯ ಆಗ್ತಿದೆ."