ಅಮ್ಮನಿಗೆ ತವರು

“ಜನ ಏನಂತಾರೆ ಅಮ್ಮಾ?”

ಅಂದುಬಿಟ್ಟಳು ಶ್ರೀರಂಜಿನಿ. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಇದೇ ಮಾತನ್ನು ಜಾಲಾಡಿ ಅವಳು ಡಾಕ್ಟರೇಟು ಪಡೆದಿದ್ದಳು.

“ಯಾವ ಜನ?” ಎಂದು ವಿಶಾಲಾಕ್ಷಿ ಕನ್ನಡಿಯಿಂದ ಕಣ್ಣು ತೆಗೆಯದೆ ಮಲ್ಲಿಗೆ ಮುಡಿದಳು. ಅರವತ್ತು ದಾಟಿದ ಅಮ್ಮನ ಮದುವೆ ನಿನ್ನೆ ಸೊರಬದಲ್ಲಿ ರಿಜಿಸ್ಟರ್ ಆಗಿತ್ತು. ಇವತ್ತು ಶಿಕಾರಿಪುರದ ಈ ಮನೆ ಬಿಟ್ಟು ಉಳವಿಗೆ ಹೊರಟಿದ್ದಾಳೆ.

ಗಂಡು ಸುರೇಂದ್ರ, ನಿವೃತ್ತ ದನದ ಡಾಕ್ಟರು. ಗುಡವಿ ಕೆರೆಯ ದಂಡೆಯಲ್ಲಿ ಹಕ್ಕಿ ನೋಡುತ್ತಾ ಪರಿಚಯವಂತೆ. ತೀರಿಹೋದ ಅಪ್ಪ, ಕಥೆಗಾರ ಕಮಲಾಕರರ ಹೆಂಡತಿಯಾಗಿದ್ದವಳು ಈಗ ದನದ ಡಾಕ್ಟರ ಹೆಂಡತಿ! ವಿಧವೆಯೊಬ್ಬಳಿಗೆ ಮರುಮದುವೆ ಮಾಡಿಸಿ ಅಪ್ಪ ಬರೆದ ಕಥೆ ಪಠ್ಯದಲ್ಲಿದೆ. ವರ್ಷವೂ ಅದನ್ನು ಗದ್ಗದಿತಳಾಗಿ ಪಾಠ ಮಾಡುವವಳು ಶ್ರೀರಂಜಿನಿಯೇ. ಆದರೆ ಆ ವಿಧವೆಗೆ ಎಳೇ ಪ್ರಾಯ, ಮಕ್ಕಳಿಲ್ಲ. ಎಷ್ಟು ಅನುಕೂಲ!

“ಅವ್ರು ಅಪ್ಪನ ಒಂದು ಪುಸ್ತಕಾನೂ ಓದಿಲ್ವಂತೆ.”

“ಹೌದು ಕಣೇ.” ಅಮ್ಮನ ಮುಖ ಅರಳಿತು. “ಎಂಥಾ ಆರಾಮ ಗೊತ್ತಾ! ನಾನಾಡಿದ ಮಾತು ಮಾರನೇ ದಿನ ಕಥೇಲಿ ಬರಲ್ಲ.”

ಶ್ರೀರಂಜಿನಿಗೆ ನಗು ಬಂತು. ನಕ್ಕಿದ್ದಕ್ಕೆ ಸಿಟ್ಟೂ ಬಂತು. ಮದುವೆಯೇ ಬೇಡವೆಂದು ನಲವತ್ತು ದಾಟಿಸಿದ್ದು ತಾನು. ಸ್ವತಂತ್ರಳಾಗಿ ಕಾಣುತ್ತಿರುವವಳು ಅಮ್ಮ. ಹೊಟ್ಟೆಕಿಚ್ಚೇ ಆಯಿತು. ಸಂಜೆ ಕಾಲೇಜಿನಿಂದ ಬಂದರೆ ಬಾಗಿಲು ತೆರೆಯುವವರು ಯಾರು? ಇದನ್ನು ಕೇಳುವುದಕ್ಕೆ ಮರ್ಯಾದೆ ಅಡ್ಡ ಬಂತು. ಅದಕ್ಕೇ ಜನರನ್ನು ಮುಂದೆ ಮಾಡಿದ್ದಳು.

ಗೇಟಿನಾಚೆ ಜೀಪು ಹಾರನ್ ಹಾಕಿತು. ಅಮ್ಮ ಮಣೆಯ ಮೇಲೆ ಕೂತು ಸೆರಗೊಡ್ಡಿದಳು. “ಉಡಿ ತುಂಬು ಬಾ.”

“ನಾನಾ? ತಾಯಿ ಮಗಳಿಗೆ ತುಂಬೋದಲ್ವಾ?”

“ನಮ್ಮಮ್ಮ ಹೋಗಿ ಎಷ್ಟು ಕಾಲ ಆಯ್ತು. ನೀನಲ್ದೆ ಇನ್ಯಾರೇ ನಂಗೆ ತವರು?”

“ಅಪ್ಪ ಇದನ್ನೆಲ್ಲ ಬಿಡ್ಸಿದ್ರು.”

“ಅವ್ರು ಬಿಡ್ಸಿದ್ರು ಮಾರಾಯ್ತಿ. ನಾನೆಲ್ಲಿ ಬಿಟ್ಟೆ?”

ಶ್ರೀರಂಜಿನಿ ಅಕ್ಕಿ ಸುರಿದಳು. ಅರಿಶಿನದ ಕೊಂಬು ಎಲ್ಲಿಡಬೇಕೆಂದು ತಿಳಿಯದೆ ತೆಂಗಿನಕಾಯಿಯ ಮೇಲಿಟ್ಟಳು. ಅದು ಉರುಳಿ ಬಿತ್ತು. ತಾಯಿ ಮಗಳು ಇಬ್ಬರೂ ಬಿದ್ದು ಬಿದ್ದು ನಕ್ಕರು.

ಹೊರಗೆ ಬಂದು ಅಮ್ಮ ಹಳೇ ಅಭ್ಯಾಸದಂತೆ ಬಾಗಿಲು ಎಳೆದುಕೊಂಡಳು. ಆಟೊಮ್ಯಾಟಿಕ್ ಬೀಗ ಟಕ್ಕೆಂದಿತು. “ಸೆರಗೊಡ್ಡು. ಹೋಗೋ ಮಗಳು ತವರಿಗೆ ಒಂದಿಷ್ಟು ಅಕ್ಕಿ ವಾಪಸ್ ಕೊಡ್ಬೇಕು. ಮನೆ ಬರಿದಾಗಬಾರ್ದು.”

ಜೀನ್ಸ್ ತೊಟ್ಟವಳಿಗೆ ಎಲ್ಲಿಯ ಸೆರಗು? ಎರಡೂ ಕೈ ಜೋಡಿಸಿ ಬೊಗಸೆ ಮಾಡಿದಳು. ಅಮ್ಮ ತನ್ನ ಉಡಿಯ ಅಕ್ಕಿಯನ್ನು ಅದು ತುಂಬುವಷ್ಟು ಹಾಕಿ, “ಕೆಳಗೆ ಚೆಲ್ಲಬೇಡ, ಒಳಗೆ ಡಬ್ಬಿಗೆ ಹಾಕು” ಎಂದು ಕೆನ್ನೆ ಸವರಿ, ಹುಡುಗಿಯಂತೆ ಜೀಪು ಹತ್ತಿದಳು.

“ಬರ್ತೀವಿ ಕಣ್ರೀ!” ಸುರೇಂದ್ರರು ಕೈಬೀಸಿದರು. ಶ್ರೀರಂಜಿನಿಗೆ ಬೀಸಲು ಕೈ ಇರಲಿಲ್ಲ. ನಕ್ಕಳು. ನಿಜವಾಗಿಯೇ ನಕ್ಕಳು.

ಜೀಪು ತಿರುವಿನಲ್ಲಿ ಮರೆಯಾಯಿತು. ಅವಳು ಬಾಗಿಲ ಕಡೆ ತಿರುಗಿದಳು. ಬೀಗದಕೈ ಜೇಬಿನಲ್ಲಿತ್ತು. ತೆಗೆಯಬೇಕೆಂದರೆ ಬೊಗಸೆ ಬಿಡಬೇಕು. ಮುಚ್ಚಿದ ಬಾಗಿಲ ಮುಂದೆ ತವರನ್ನು ಹಿಡಿದುಕೊಂಡು ನಿಂತಳು. ಬೆರಳ ಸಂದಿಯಿಂದ ಅಕ್ಕಿ ಒಂದೊಂದೇ ಕಾಳು ಜಾರತೊಡಗಿತು.