ಎಲ್ಮ್ ಗಿಡದ ತಂತಿ

ನಮ್ಮ ಮಾವನವರ ಪ್ರಾಣವೆಲ್ಲ ಎಲ್ಮ್ ಎಂಬ ಆ ವಿದೇಶಿ ಮರದ ಗಿಡದ ಮೇಲೆ. ವಯಸ್ಸು ನನ್ನಷ್ಟೇ, ಎತ್ತರ ಒಂದು ಗೇಣು. ಬೋನ್ಸಾಯ್ ಅಂತೆ! ಬೇರು ಕತ್ತರಿಸಿ, ಕೊಂಬೆಗೆ ತಂತಿ ಸುತ್ತಿ, ತಟ್ಟೆಯಂಥ ಕುಂಡದಲ್ಲಿ ಕೂರಿಸಿ, ಬೆಳೆಸುತ್ತಿದ್ದೇನೆ ಅನ್ನುತ್ತಾರೆ. ಬೆಳೆಯದಂತೆ ಕಾಯುವುದಕ್ಕೂ ಬೆಳೆಸುವುದು ಅನ್ನುತ್ತಾರಲ್ಲ ಎಂದು ನನಗೆ ಒಳಗೊಳಗೇ ನಗು.

ನಾನು ಶೂ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ದಿನವಿಡೀ ಊರವರ ಪಾದ ಅಳೆಯುತ್ತೇನೆ. ಅತ್ತೆ ತೀರಿಕೊಂಡ ಮೇಲೆ, ನನ್ನ ಗಂಡನಿಗೂ ದೂರದ ಊರಿಗೆ ವರ್ಗವಾದ ಮೇಲೆ, ಆರು ವರ್ಷದ ಮಗಳಿಗೆ ಶಾಲೆ ಬಿಟ್ಟರೆ ತಾತನೇ ಜೊತೆ.

ಒಂದು ಸಂಜೆ ಮಾವ ಅವಳಿಗೆ ಹೇಳುತ್ತಿದ್ದರು: "ದೊಡ್ಡೋರಾದೋರೆಲ್ಲ ಹೊರಟೋಗ್ತಾರೆ ಪುಟ್ಟಿ. ಇದೊಂದೇ ನನ್ ಜೊತೆ ಇರೋದು. ಯಾಕೆ ಹೇಳು?"

"ತಂತಿ ಕಟ್ಟಿದೀರಲ್ಲ ತಾತ, ಅದಕ್ಕೆ!"

"ಮಗು ಹತ್ರ ಇಂಥ ಮಾತ್ಯಾಕೆ ಮಾವ?" ಎಂದೆ.

"ಗಿಡದ ವಿಷ್ಯ ಕಣಮ್ಮ," ಎಂದು ನಕ್ಕರು.

ಮರುದಿನದಿಂದ ಮಗಳು ಕುಂಟತೊಡಗಿದಳು. ಮಕ್ಕಳು ಕುಂಟಿದರೆ ಶೂ ಬಿಗಿ ಎಂದೇ ನಮ್ಮ ಅಂಗಡಿಯವರ ನಂಬಿಕೆ. ಪಾದ ನೋಡುವ ಗೋಜಿಗೂ ಹೋಗದೆ ಒಂದು ನಂಬರ್ ದೊಡ್ಡದು ತಂದುಕೊಟ್ಟೆ. ಇನ್ನೂ ಎರಡು ದಿನ ಕುಂಟಿದಳು. ಸಾಕ್ಸ್ ಬಿಚ್ಚಲು ಮಾತ್ರ ಬಿಡಲೊಲ್ಲಳು. ಆ ಭಾನುವಾರ ಹಿಡಿದು ಕೂರಿಸಿ, ಬಲವಂತವಾಗಿ ಎಳೆದೆ.

ಬೆರಳುಗಳ ಬುಡಕ್ಕೆ ತಂತಿ. ಒಂದೇ ಅಂತರದಲ್ಲಿ, ಓರೆಯಾಗಿ, ಮಾವನವರ ಕೈಕೆಲಸದಷ್ಟೇ ಅಚ್ಚುಕಟ್ಟಾಗಿ ಸುತ್ತಿತ್ತು.

"ಯಾರೇ ಮಾಡಿದ್ದು ಇದು?"

"ನಾನೇ! ನಾನು ದೊಡ್ಡೋಳಾಗಲ್ಲ. ತಾತನ್ನ ಬಿಟ್ಟು ಹೋಗಲ್ಲ."

ನನ್ನ ಕೂಗಿಗೆ ಮಾವ ಕಟ್ಟರ್ ಹಿಡಿದು ಓಡಿಬಂದರು. ಒಂದೊಂದೇ ಸುತ್ತು ಕತ್ತರಿಸಿದರು. ಬಲಗಾಲಿನ ಕಿರುಬೆರಳಿಗೆ ಬಂದಾಗ ಅವರ ಕೈ ನಿಂತಿತು. ಅಲ್ಲಿ ತಂತಿ ಊತದೊಳಗೆ ಹೂತುಹೋಗಿ ಕಾಣುತ್ತಲೇ ಇರಲಿಲ್ಲ.

"ತಡ ಆಯ್ತಮ್ಮ," ಎಂದರು. ತಂತಿ ಕಚ್ಚಿದ ಕೊಂಬೆ ನೋಡಿದಾಗ ಅವರು ಹೇಳುವ ಮಾತೇ ಅದು. ಆ ಕ್ಷಣ ಅವರ ಮೇಲೆ ಉರಿದುಬಿದ್ದೆ, ನನ್ನ ಮೇಲೂ.

ಆಸ್ಪತ್ರೆಗೆ ಹೋಗುವಾಗ ಆಟೊದಲ್ಲಿ ಆ ಬೆರಳನ್ನು ಅಂಗೈಯಲ್ಲಿಟ್ಟು ಉಜ್ಜುತ್ತಲೇ ಇದ್ದೆ. ತಣ್ಣಗಿತ್ತು.

"ನೋಯ್ತಿದೆಯಾ ಕಂದಾ?"

ಅವಳು ಹೊರಗೆ ರಸ್ತೆಯನ್ನೇ ನೋಡುತ್ತಿದ್ದಳು.

"ಇಲ್ವಲ್ಲ. ಯಾವ ಬೆರಳು ಹಿಡ್ಕೊಂಡಿದೀಯ ಅಮ್ಮ?"